ತಪ್ಪೆಲ್ಲ ವಯರಿನದು

ನರೀನ್ ಕಣಿವೆಯಲ್ಲಿ ಯಾರ ಮನೆ ಸುಟ್ಟರೂ ತಪ್ಪು ಕರೆಂಟು ವಯರಿನದು. ವಯರಿಗೆ ನೆಂಟರಿಲ್ಲ, ಬೀಗರಿಲ್ಲ, ಬೈದರೆ ಮಾತು ಬಿಡುವುದಿಲ್ಲ. ಇಷ್ಟು ಅನುಕೂಲದ ಅಪರಾಧಿ ಇರುವಾಗ ಬೇರೆಯವರನ್ನು ಹುಡುಕುವವನಿಗೆ ತಲೆ ಕೆಟ್ಟಿರಬೇಕು ಎಂಬುದು ಊರಿನ ಅಭಿಪ್ರಾಯ. ಶಾರ್ಶೆನಾಲಿ ಅಂಥ ತಲೆಕೆಟ್ಟವನು.

ಬೆಂಕಿ ಹೇಗೆ ಹತ್ತಿತೆಂದು ಪತ್ತೆ ಮಾಡುವುದು ಅವನ ಸರ್ಕಾರಿ ಕೆಲಸ. ಹಿಂದಿದ್ದವರು ಹೊಸಿಲಲ್ಲೇ ನಿಂತು "ವಯರು" ಎಂದು ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಇವನು ಮಂಡಿಯೂರಿ ಬೂದಿ ಕೆದಕುತ್ತಾನೆ, ಕರಕಲಾದ ತೊಲೆ ಮೂಸುತ್ತಾನೆ, ಆಮೇಲೆ ಎಲ್ಲರೆದುರು "ನಿಮ್ಮ ತಮ್ಮನ ಸಿಗರೇಟು" ಎನ್ನುತ್ತಾನೆ. ಹೋದ ವರ್ಷ ಕೆಳಗಿನ ಕೇರಿಯಲ್ಲಿ "ಸೊಸೆ ಚೆಲ್ಲಿದ ಒಲೆಬೂದಿ" ಎಂದ. ಆ ಸೊಸೆಯನ್ನು ತವರಿಗಟ್ಟಿದರು. "ನಾನು ಹೇಳೋದು ಬೆಂಕಿ ಸುದ್ದಿ, ಸಂಸಾರದ ಸುದ್ದಿ ಅಲ್ಲ" ಎಂದು ಇವನು ಕೈ ಕೊಡವಿದ. ಅಂದಿನಿಂದ ಔತಣಗಳಲ್ಲಿ ಅವನಿಗೆ ಬಾಗಿಲ ಬಳಿಯ ಜಾಗ, ತಟ್ಟೆಯಲ್ಲಿ ಕುತ್ತಿಗೆಯ ಮೂಳೆ. ಕುರಿಯ ತಲೆ ಮರ್ಯಾದಸ್ಥರಿಗೆ ಹೋಗುತ್ತದೆ.

ಅವನ ತಾಯಿ ಬುರುಲ್ಚಾಳಿಗೆ ಮಗನ ಕೆಲಸದಲ್ಲಿ ಒಂದೇ ಭಯ: ಸುಟ್ಟ ಮನೆಯ ದೃಷ್ಟಿ. ಅವನು ಮರಳಿದಾಗಲೆಲ್ಲ ಮೋಟು ಬಾಣಲೆಯಲ್ಲಿ ಕೆಂಡ ತಂದು, ಘಮಘಮಿಸುವ ಅರ್ಚಾ ಮರದ ಸೊಪ್ಪನ್ನು ಕಾಯಿ ಸಮೇತ ಉದುರಿಸಿ, ಹೊಗೆಯನ್ನು ಅವನ ತಲೆಯ ಸುತ್ತ ಸುಳಿಸುತ್ತಾಳೆ. ಹೊಗೆ ಹಿಡಿಸಿಕೊಳ್ಳದೆ ಒಳಗೆ ಕಾಲಿಡುವಂತಿಲ್ಲ.

ಒಂದು ಮಧ್ಯಾಹ್ನ ಹಾಗೆ ಹೊಗೆ ಹಿಡಿಸಿಕೊಂಡು ಊಟಕ್ಕೆ ಕೂತವನಿಗೆ ಕೂಗು ಕೇಳಿಸಿತು. ಪಕ್ಕದ ಮನೆಯ ಕಲ್ಮುರಾತನ ಕೊಟ್ಟಿಗೆಗೆ ಒತ್ತಿದ್ದ ಬಣವೆ ಉರಿಯುತ್ತಿತ್ತು. ಕೊಟ್ಟಿಗೆಯ ದನಗಳು ಉಳಿದವು. ಚಳಿಗಾಲಕ್ಕೆಂದು ಒಟ್ಟಿದ್ದ ಹುಲ್ಲು ಹೋಯಿತು.

ಕಲ್ಮುರಾತನ ಹೆಂಡತಿ ಸಾತ್ಕಿನ್ ಅಷ್ಟರಲ್ಲೇ ತನಿಖೆ ಮುಗಿಸಿದ್ದಳು.

"ಇವಳೇ ಬೂದಿ ಚೆಲ್ಲಿದ್ದು! ಬಂದು ವರ್ಷ ತುಂಬಿಲ್ಲ, ಬೆಂಕಿ ಹಚ್ಚಿದ್ಲು. ಗಂಟು ಕಟ್ಲಿ, ತವರಿಗೆ ನಡೀಲಿ!"

ಸೊಸೆ ಐಜಾತ್ ತಲೆವಸ್ತ್ರದ ಅಂಚು ಕಚ್ಚಿಕೊಂಡು ನಿಂತಿದ್ದಳು.

"ನೀನೇ ಹೇಳು ಶಾರ್ಶೆನಾಲಿ," ಎಂದ ಕಲ್ಮುರಾತ್. "ನೀನು ಸುಳ್ಳು ಹೇಳೋ ಪೈಕಿ ಅಲ್ಲ. ಹೌದು ಅಂದ್ರೆ ಇವತ್ತೇ ಕಳಿಸ್ತೀನಿ."

ಶಾರ್ಶೆನಾಲಿ ಮಂಡಿಯೂರಿದ. ಬೆಂಕಿ ಎದ್ದದ್ದು ಬೇಲಿಯ ಬುಡದಿಂದ, ಅದೂ ಅವನದೇ ಅಂಗಳದ ಕಡೆಯಿಂದ. ಬೂದಿ ಕೆದಕಿದರೆ ಕರಕಲಾದ ಅರ್ಚಾ ಕಾಯಿಗಳು. ತಲೆಯೆತ್ತಿದ. ಬೇಲಿಯಾಚೆ ಅವ್ವ ಮೋಟು ಬಾಣಲೆ ಹಿಡಿದು ನಿಂತಿದ್ದಳು. ತನಗೆ ದೃಷ್ಟಿ ತೆಗೆದ ಕೆಂಡವೇ ಇದು.

ಎದ್ದು ನಿಂತು, ಕೆಮ್ಮಿ, ಹೇಳಿದ: "ವಯರು."

"ಯಾವ ವಯರಪ್ಪಾ?" ಎಂದಳು ಸಾತ್ಕಿನ್. "ನಮ್ಮ ಕೊಟ್ಟಿಗೆಗೆ ಕರೆಂಟೇ ಇಲ್ವಲ್ಲ!"

ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಹೀಗೇ ಆಗುತ್ತದೆ.

ಬುರುಲ್ಚಾ ಬಾಣಲೆಯನ್ನು ಬೇಲಿಗೆ ಕುಟ್ಟಿದಳು. "ಸಾಕು ಬಿಡೋ. ಕೆಂಡ ಆರಿದೆ ಅಂದ್ಕೊಂಡು ನಾನೇ ಚೆಲ್ದೆ. ಆ ಹುಡುಗೀನ ಬಿಟ್ಬಿಡಿ. ತವರಿಗೆ ಕಳಿಸೋದಾದ್ರೆ ನನ್ನನ್ನ ಕಳಿಸಿ. ಅಲ್ಲಿ ಗೋರಿಗಳು ಬಿಟ್ರೆ ಯಾರೂ ಇಲ್ಲ."

ಕಲ್ಮುರಾತ್ ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ. ಅಂಥವಳ ಮೇಲೆ ತಪ್ಪು ಹೊರಿಸಿದವನು ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ.

"ಇಲ್ಲವ್ವಾ," ಎಂದ ಕಲ್ಮುರಾತ್. "ವಯರೇ."

"ಕರೆಂಟಿಲ್ಲದ ವಯರಾ?" ಎಂದಳು ಸಾತ್ಕಿನ್.

"ನೀನು ಸುಮ್ನಿರೇ. ಹಳೇದೊಂದಿತ್ತು."

ಸಂಜೆಯೊಳಗೆ ಕಲ್ಮುರಾತನೇ ತುಕ್ಕು ಹಿಡಿದ ವಯರೊಂದನ್ನು ಹುಡುಕಿ ತಂದು ಕೊಟ್ಟಿಗೆಯ ತೊಲೆಗೆ ನೇತುಹಾಕಿದ. ನೆರೆಹೊರೆಯವರು ಬಂದು ನೋಡಿ, ಎಂಥ ಅಪಾಯದ ವಯರು ಎಂದು ತಲೆಯಾಡಿಸಿದರು. ತಲಾ ಒಂದು ಹೊರೆ ಹುಲ್ಲನ್ನೂ ಕೊಟ್ಟರು.

ಕಲ್ಮುರಾತನ ಮನೆಯಲ್ಲಿ ನಡೆದ ಮುಂದಿನ ಔತಣದಲ್ಲಿ ಶಾರ್ಶೆನಾಲಿಯನ್ನು ಬಾಗಿಲ ಬಳಿಯಿಂದ ಎಬ್ಬಿಸಿ ಮೇಲಿನ ಜಾಗದಲ್ಲಿ ಕೂರಿಸಿದರು. ಕುರಿಯ ತಲೆ ಅವನ ಮುಂದೆ ಬಂತು.

"ಈಗ ಮನುಷ್ಯನಾದೆ ನೋಡು!" ಎಂದು ಕಲ್ಮುರಾತ್ ಬೆನ್ನು ತಟ್ಟಿದ. ಐಜಾತ್ ನಗುತ್ತ ಚಹಾ ಬಗ್ಗಿಸಿದಳು.

ಶಾರ್ಶೆನಾಲಿ ಚಾಕು ಹಿಡಿದವನು ಹಾಗೇ ಕೂತುಬಿಟ್ಟ. ಕೆಳಗಿನ ಕೇರಿಯಿಂದ ಗಂಟು ಹಿಡಿದು ವ್ಯಾನು ಹತ್ತಿದ ಆ ಸೊಸೆಯ ಮುಖ ಕಣ್ಣ ಮುಂದೆ ಬಂದಿತ್ತು. ಆ ಮನೆಯಲ್ಲಿ ವಯರು ಇತ್ತು. ಸೂರಿನ ತುಂಬ ಇತ್ತು.