ಪೀಚ್ ಮರಗಳ ನಿದ್ದೆ ಕಾಯುವ ಹರಿಣಿ

ಅಮೆರಿಕದ ಗೈದರ್ಸ್‌ಬರ್ಗ್ ಊರಿನ ಆಚೆಗಿರುವ ಹಣ್ಣಿನ ತೋಟದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೊನ್ನೆ ರಾತ್ರಿ, ಮಾರ್ಚ್ ಕೊನೆಯಲ್ಲಿ ಬಿದ್ದ ಹಿಮ ಏನು ಮಾಡಿದೆಯೆಂದು ನೋಡಲು ಹರಿಣಿ ಪೀಚ್ ಮರದ ಮೊಗ್ಗೊಂದನ್ನು ಕಿತ್ತು ಚಾಕುವಿನಿಂದ ಸೀಳುತ್ತಾರೆ. ಒಳಗೆ ಕಪ್ಪು, ಸತ್ತಿದೆ. ಇನ್ನೊಂದು, ಅದೂ ಕಪ್ಪು. ಜಾಕೆಟ್ಟಿನ ಜೇಬಿನಲ್ಲಿ ಕೆಂಪು ರಿಬ್ಬನ್ನಿನ ಸುರುಳಿಯಿದೆ. ಕಳೆದ ವರ್ಷ ಈ ಸಾಲು ಕಾಯಿ ಕಟ್ಟಲಿಲ್ಲ. ಈ ಸಲವೂ ಕೈಕೊಟ್ಟರೆ ಮರಗಳಿಗೆ ರಿಬ್ಬನ್ ಕಟ್ಟು, ಕಡಿಸಿಬಿಡೋಣ ಎಂದು ತೋಟದ ಯಜಮಾನರು ಹೇಳಿದ್ದಾರೆ.

ಮೈಸೂರಿನ ಹರಿಣಿ, ಗಂಡ ಯೋಗೇಶರ ಕೆಲಸದಿಂದಾಗಿ ಇಲ್ಲಿಗೆ ಬಂದವರು. ವರ್ಕ್ ಪರ್ಮಿಟ್ ಸಿಕ್ಕಾಗ ಗೆಳತಿಯರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಸೇರಿದರು. ಇವರು ತೋಟಕ್ಕೆ ಸೇರಿದರು. ಕನ್ನಡ ಕೂಟದಲ್ಲಿ "ಹಾಬೀನಾ?" ಎಂದು ಈಗಲೂ ಕೇಳುವವರಿದ್ದಾರೆ. ಮರಗಟ್ಟಿದ ಬೆರಳಲ್ಲಿ ಕೊಂಬೆ ಕತ್ತರಿಸುವುದು ಎಂಥ ಹಾಬಿಯೋ ದೇವರೇ ಬಲ್ಲ.

ಮೊದಲ ಚಳಿಗಾಲದಲ್ಲೇ ಎಡವಟ್ಟಾಯಿತು. ಒಂದೂ ಎಲೆಯಿಲ್ಲದ ಮರಗಳನ್ನು ಕಂಡು, ಒಣಗಿಹೋಗಿವೆ ಎಂದುಕೊಂಡು, ಇಡೀ ಸಾಲಿಗೆ ಕೆಂಪು ರಿಬ್ಬನ್ ಕಟ್ಟಿಬಿಟ್ಟರು. "ಓನರ್ ನಕ್ಕುಬಿಟ್ರು. ಸತ್ತಿಲ್ಲ, ಮಲಗಿವೆ ಅಂದ್ರು. ತಕ್ಷಣ ಅರ್ಥ ಆಯ್ತು ನೋಡಿ. ನಮ್ಮಜ್ಜಿ ಕತ್ತಲಾದ್ಮೇಲೆ ಹೂ ಕೀಳೋಕೆ ಬಿಡ್ತಿರ್ಲಿಲ್ಲ. ಗಿಡ ಮಲಗಿದೆ, ಮುಟ್ಬೇಡ ಅನ್ನೋರು."

ಈಗ ಆ ನಿದ್ದೆಗೇ ಸಂಚಕಾರ ಬಂದಿದೆ. ಚಳಿಗಾಲ ಬೆಚ್ಚಗಾಗುತ್ತಿದೆ. ಫೆಬ್ರವರಿಯಲ್ಲೇ ಬಿಸಿಲೇರಿದರೆ ವಸಂತ ಬಂತೆಂದು ನಂಬಿ ಮೊಗ್ಗುಗಳು ಉಬ್ಬುತ್ತವೆ. ಆಮೇಲೆ ಬೀಳುವ ಹಿಮ ಅವನ್ನು ಸುಟ್ಟುಹಾಕುತ್ತದೆ. "ಅರ್ಧ ನಿದ್ದೇಲಿ ಎಬ್ಬಿಸಿದ ಮಗು ಥರ," ಎನ್ನುತ್ತಾರೆ ಹರಿಣಿ. ಬೇಗ ಕೊಂಬೆ ಕತ್ತರಿಸಿದರೆ ಮರ ಇನ್ನೂ ಬೇಗ ಏಳುತ್ತದೆಂದು ಈ ಸಾಲನ್ನು ಕೊನೆಗೆ ಉಳಿಸಿಕೊಂಡರು. ಆ ಹೊತ್ತಿಗೆ ಉಳಿದ ಕೆಲಸಗಾರರು ತೋಟದ ಬೇರೆ ಕೆಲಸಕ್ಕೆ ಹೋಗಿದ್ದರಿಂದ ಒಬ್ಬರೇ ಕತ್ತರಿಸಿ ಮುಗಿಸಿದರು. ಅಷ್ಟು ಮಾಡಿಯೂ ಉಳಿಯದಿದ್ದರೆ ಎಂಬ ಭಯ ಅವರ ಮುಖದಲ್ಲೇ ಕಾಣುತ್ತದೆ.

ಮುಂದಿನ ಮರ. ಕಪ್ಪು, ಮತ್ತೆ ಕಪ್ಪು, ಆಮೇಲೆ ಒಂದು ಹಸಿರು. ಅದೇ ಕೊಂಬೆಯ ತುದಿಯಲ್ಲಿ ಇನ್ನೊಂದು. ಹರಿಣಿ ಸಾಲಿನ ಕೊನೆಯವರೆಗೂ ಸೀಳಿ ನೋಡಿ, ಹಿಂದಿರುಗಿ ಬಂದು ಕಣ್ಣೊರೆಸಿಕೊಳ್ಳುತ್ತಾರೆ. "ಹತ್ತರಲ್ಲಿ ಒಂದೆರಡು ಉಳಿದ್ರೂ ಸಾಕು, ಕೊಂಬೆ ತುಂಬುತ್ತೆ. ಉಳಿದಿವೆ."

ರಿಬ್ಬನ್ ಜೇಬಿನಲ್ಲೇ ಉಳಿಯುತ್ತದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ನಗು ಬರುತ್ತದೆ ಅವರಿಗೆ. "ಚಳಿಗಾಲ ಪೂರ್ತಿ ಚಳಿ ಇರ್ಲಿ ಅಂತ ಬೇಡ್ಕೊಳ್ಳೋ ಮೈಸೂರಿನವಳು ನಾನೊಬ್ಳೇ ಇರ್ಬೇಕು. ನಾನು ಇನ್ನೊಂದು ಸ್ವೆಟರ್ ಹಾಕ್ಕೋತೀನಿ ಬಿಡಿ. ಇವು ಮಲಗ್ಲಿ."