ಷಡ್ಡಕನ ಪುಟದಲ್ಲಿ ಕಿನ್ನಾಳದ ಗಿಣಿ

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಗಂಗಾವತಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾನೆ. ನಾನು ಕುಷ್ಟಗಿಯ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳುತ್ತೇನೆ. ಕೊಪ್ಪಳದ ಮಾವನ ಮನೆಯಲ್ಲಿ ಇಬ್ಬರೂ ಕೂಡಿದಾಗಲೆಲ್ಲ ಅವನದು ಒಂದೇ ಪ್ರಶ್ನೆ.

"ಏನ್ರಿ ಮಾಸ್ತರ, ಬೋರ್ಡಿನ ಮ್ಯಾಲ ಬರದ ಮೋಟಾರು ಇವತ್ತರ ನೀರು ಎತ್ತಿತೇನು?"

ಎಲ್ಲರೂ ನಗುತ್ತಾರೆ. ಮಾವ ಉಳಿದವರಿಗಿಂತ ತುಸು ಹೆಚ್ಚೇ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಕುಷ್ಟಗಿ ಬರುವತನಕ, ಕೊಡಬಹುದಾಗಿದ್ದ ಉತ್ತರಗಳನ್ನು ಬಸ್ಸಿನ ಕಿಟಕಿಗೆ ಹೇಳುತ್ತ ಕೂರುತ್ತೇನೆ.

ಒಮ್ಮೆ ಒಂದು ಸ್ಟಾರ್ಟರು ಯಾಕೆ ಮೇಲಿಂದ ಮೇಲೆ ಟ್ರಿಪ್ ಆಗುತ್ತದೆಂದು ಫೋನಿನಲ್ಲಿ ಹುಡುಕುತ್ತಿದ್ದೆ. ಸಿಕ್ಕ ವಿಡಿಯೋಗಳಲ್ಲೆಲ್ಲ ಮೊದಲು ಢಂ ಢಂ ಸಂಗೀತ, ಆಮೇಲೆ ಗಂಟೆ ಒತ್ತಿರೆಂಬ ಗೋಗರೆತ. ಅವೆಲ್ಲದರ ಕೆಳಗೆ ಯಾವುದೋ ದೇಶದ ಮುದುಕನೊಬ್ಬನ ಸ್ವಂತ ವೆಬ್‌ಪುಟ ಕಂಡಿತು. ಬಿಳಿ ಹಾಳೆ, ಕಪ್ಪು ಅಕ್ಷರ, ಜಾಹೀರಾತಿನ ಸುಳಿವಿಲ್ಲ. ತಾನು ಬಿಚ್ಚಿದ ಸ್ಟಾರ್ಟರುಗಳ ಬಗ್ಗೆ ಬರೆದು, ನಡುವೆಯೇ ತನ್ನ ಮೊಣಕಾಲು ನೋವನ್ನೂ ಹೇಳಿಕೊಂಡಿದ್ದ. ಕೊನೆಗೆ ಗೆಳೆಯರ ಪುಟಗಳಿಗೆ ದಾರಿ ತೋರಿಸಿದ್ದ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೊಕ್ಕು ಹೊರಬರುತ್ತ ಹೋದೆ. ಯಾರಿಗೂ ನನ್ನಿಂದ ಏನೂ ಬೇಕಿರಲಿಲ್ಲ. ಅದೇ ನನಗೆ ಮೊದಮೊದಲು ಸಂಶಯ ತಂದಿತ್ತು.

ನಾನೂ ಅಂಥದೊಂದು ಪುಟ ಕಟ್ಟಿದೆ. ಗದ್ದೆಯ ಮೋಟಾರಿನ ಸ್ಟಾರ್ಟರಿಗೆ ಯಾವ ತಂತಿ ಎಲ್ಲಿಗೆ ಎಂದು ಕನ್ನಡದಲ್ಲಿ ನಕ್ಷೆ ಬರೆದು ಹಾಕಿದೆ. ಯಾರದಾದರೂ ಮೋಟಾರು ಸುಟ್ಟೀತೆಂಬ ಹೆದರಿಕೆಯಿಂದ ಅದನ್ನು ಎಷ್ಟು ಸಲ ಪರೀಕ್ಷಿಸಿದೆನೆಂದರೆ, ಲ್ಯಾಬಿನ ಸ್ಟಾರ್ಟರಿನ ತಿರುಪುಗಳೇ ಸವೆದವು. ಅದೇ ಹೆದರಿಕೆಯಿಂದ ನಕ್ಷೆಯ ಮೇಲೆ ಹೆಸರನ್ನೂ ಹಾಕಲಿಲ್ಲ.

ಕೆಲವು ತಿಂಗಳಲ್ಲಿ ಷಡ್ಡಕ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ತನ್ನ ಅಂಗಡಿಯ ಹೊಸ ವೆಬ್‌ಸೈಟು ಕಳಿಸಿದ. ಅದರಲ್ಲಿ ನನ್ನ ನಕ್ಷೆ. ಕೆಳಗೆ: 'ನಮ್ಮ ಸ್ವಂತ ಸಂಶೋಧನೆ'. ಮಾವ ಹತ್ತಾರು ಕೈಮುಗಿದ ಚಿತ್ರಗಳ ಜೊತೆ ಬರೆದರು: 'ನಮ್ಮ ಮನಿತನಕ್ಕ ಹೆಸರು ತಂದಿ.' ಕಳವಿಗಿಂತ ಆ ಸಾಲು ನನ್ನನ್ನು ಹೆಚ್ಚು ಸುಟ್ಟಿತು. ಆ ಮಾತು ನನಗೆ ಬರಬೇಕಾದದ್ದು.

ಅವನ ಪುಟವನ್ನು ಜಾಲಾಡಿದೆ. ದೇವರು ದೊಡ್ಡವನು. ಅವನು ನಕ್ಷೆಯನ್ನು ತನ್ನಲ್ಲಿ ಇಟ್ಟುಕೊಂಡಿರಲಿಲ್ಲ, ಅದು ನನ್ನಲ್ಲಿರುವ ಜಾಗದ ವಿಳಾಸವನ್ನಷ್ಟೇ ಬರೆದುಕೊಂಡಿದ್ದ. ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟು ಎಳೆದ ಹಾಗೆ. ಅವನ ಪುಟ ತೆರೆದಾಗಲೆಲ್ಲ ಚಿತ್ರ ಹೋಗುತ್ತಿದ್ದುದು ನನ್ನ ಮನೆಯಿಂದ. ಅಂದಮೇಲೆ ಏನು ಕಳಿಸಬೇಕೆಂಬುದು ನನ್ನ ಕೈಯಲ್ಲಿತ್ತು. ಇಂಥ ಕೊಕ್ಕೆಯವರಿಗೆ ಚಿತ್ರ ಬದಲಿಸಿ ಬುದ್ಧಿ ಕಲಿಸಿದ ಕಥೆಯನ್ನು ಮುದುಕನ ಗೆಳೆಯನೊಬ್ಬ ಬರೆದಿದ್ದ.

ಎರಡು ತಂತಿ ಅದಲುಬದಲು ಮಾಡಿ ಕಳಿಸಲೇ ಎಂದುಕೊಂಡೆ. ಅವನ ಅಂಗಡಿಯ ಮುಂದೆ ರೈತರು ನಿಂತು ಬೈಯುವುದನ್ನು ಕಲ್ಪಿಸಿಕೊಂಡು ಒಂದಿಡೀ ಮಧ್ಯಾಹ್ನ ಸುಖಪಟ್ಟೆ. ಆದರೆ ಸುಡುವುದು ಅವನ ಮೀಸೆಯಲ್ಲ, ಭತ್ತ ನಾಟಿ ಮಾಡಿ ನಿಂತ ಯಾರದೋ ಮೋಟಾರು. ಸೇಡಿಗೂ ಅರ್ಥಿಂಗ್ ಇರಬೇಕು.

ನಮ್ಮ ಶೋಕೇಸಿನಲ್ಲಿ ಅತ್ತೆ ಕೊಟ್ಟ ಕಿನ್ನಾಳದ ಕಟ್ಟಿಗೆಯ ಗಿಣಿ ಇತ್ತು. ಅದರ ಫೋಟೋ ತೆಗೆದು ನಕ್ಷೆಯ ಜಾಗದಲ್ಲಿಟ್ಟೆ. ಕೆಳಗೆ ಬರೆದೆ: 'ಹೇಳಿಕೊಟ್ಟದ್ದನ್ನೇ ಹೇಳುವ ಪಕ್ಷಿ. ನಕ್ಷೆ ಬೇಕಾದವರು ಬರೆದವನ ಮನೆಗೆ ಬನ್ನಿ.' ಪಕ್ಕದಲ್ಲಿ ನನ್ನ ಪುಟದ ವಿಳಾಸ, ಹೆಸರು. ನನ್ನ ಪುಟದಲ್ಲಿ ನಕ್ಷೆಗೆ ಬೇರೆ ಜಾಗ ಮಾಡಿದೆ, ಈ ಸಲ ಸಹಿ ಸಮೇತ.

ಇದಾದ ಎರಡನೆಯ ದಿನವೇ ಮಾವನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯ. ಊಟಕ್ಕೆ ಇನ್ನೂ ಹೊತ್ತಿತ್ತು. ಷಡ್ಡಕ ತನ್ನ ಫೋನನ್ನು ದೊಡ್ಡ ಟಿವಿಗೆ ಜೋಡಿಸಿ ಬೀಗರಿಗೆಲ್ಲ ಕೂಗಿದ. "ಬರ್ರಿ, ನಮ್ಮ ಸಂಶೋಧನಾ ನೋಡ್ರಿ! ಮಾಸ್ತರ, ನೀವೂ ಕಲೀರಿ."

ಟಿವಿಯ ತುಂಬ ಹಸಿರು ಗಿಣಿ, ಕೆಂಪು ಕೊಕ್ಕು.

ಯಾರೋ ಕಿಸಕ್ಕೆಂದರು. ಮಾವ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು, ನನ್ನ ಹೆಸರಿನವರೆಗೂ. ಷಡ್ಡಕ, "ಯಾರೋ ಹ್ಯಾಕ್ ಮಾಡ್ಯಾರ್ರಿ" ಎಂದ. ಅಷ್ಟರಲ್ಲಿ ಹೋಳಿಗೆಯ ಬುಟ್ಟಿ ಹಿಡಿದು ಬಂದ ಅತ್ತೆ ನಿಂತು ನೋಡಿದರು.

"ಅಯ್ಯ, ಇದು ನಾ ಕುಷ್ಟಗ್ಯಾಗಿನ ಮಗಳಿಗೆ ಕೊಟ್ಟ ಗಿಣಿ ಅಲ್ಲೇನ? ನೋಡ್ರಿ, ರೆಕ್ಕಿ ತುದಿ ಮುರದೈತಿ."

ಹೆಂಡತಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಮಾವ ಟಿವಿಯನ್ನೂ ನನ್ನನ್ನೂ ನೋಡಿದರು. "ಹಂಗಾರ ಆ ನಕ್ಷಾ ನಿಂದೇನೋ?"

"ಹೌದ್ರಿ ಮಾವಾರ."

"ಮತ್ತ ಬಾಯಿ ಇದ್ದಿಲ್ಲೇನು, ಗಿಣಿ ಕೈಲೆ ಹೇಳಿಸಾಕ?"

ಎಲ್ಲರೂ ನಕ್ಕರು. ನನ್ನನ್ನೂ ಸೇರಿಸಿಯೇ ನಕ್ಕರು, ಆದರೆ ಷಡ್ಡಕ ನಗಲಿಲ್ಲ. ನನಗೆ ಅಷ್ಟು ಸಾಕಿತ್ತು. ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಕೇಳಿ ಹಾಕಿಸಿಕೊಂಡೆ.

ಮರುವಾರ ಅವನ ಫೋನು. "ತಗೀಯೋ ಮಾರಾಯ, ಗಿರಾಕಿಗೋಳು ಗಿಣಿ ಅಂಗಡಿ ಅನ್ನಾಕತ್ಯಾರ. ಸೈಟು ಮಾಡಿಕೊಟ್ಟಾವ ಫೋನ್ ಎತ್ತವಲ್ಲ." ತೆಗೆಯುತ್ತೇನೆ ಎಂದೆ.

ಈಗ ಮಾವನ ಹೊಲದ ಮೋಟಾರು ಗುಂಯ್‌ಗುಟ್ಟಿದರೆ ಫೋನು ಬರುವುದು ನನಗೆ. ಹೇಳಿದ್ದು ತಪ್ಪಿದರೇನು ಗತಿ ಎಂಬ ಹೆದರಿಕೆ ಬೇರೆ. ಆಗ ಗಂಗಾವತಿಯ ಆ ಪುಟ ತೆರೆದು ನೋಡುತ್ತೇನೆ. ಗಿಣಿ ಅಲ್ಲೇ ಕೂತಿದೆ. ಸಮಾಧಾನವಾಗುತ್ತದೆ.