ಮಾಳಿಗೆಯಿಂದ ಮರಳಿ ಬಿದ್ದ ಹಲ್ಲು

ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯಲ್ಲಿಟ್ಟು, ಒಂದೆಳೆ ಗರಿಕೆ ಸಿಕ್ಕಿಸಿ, ಮಾಳಿಗೆಯ ಮೇಲೆ ಎಸೆಯುತ್ತೇವೆ. ಹೊಸ ಹಲ್ಲು ಬೇಗ ಬರಲಿ ಎಂದು. ನಮ್ಮ ಮನೆಯಲ್ಲಿ ಎಸೆಯುವ ಹಕ್ಕು ನನ್ನ ಅತ್ತೆಯವರದು. ಆ ಹಕ್ಕನ್ನು ಅವರು ಸುಮ್ಮನೆ ಯಾರಿಗೂ ಬಿಟ್ಟುಕೊಡುವವರಲ್ಲ.

ನನ್ನ ಮಗಳ ಮೇಲಿನ ಸಾಲಿನ ಮುಂದಿನ ಹಲ್ಲು ಬಿದ್ದಾಗ ಅತ್ತೆಯವರ ಬಲಭುಜ ಹಿಡಿದುಕೊಂಡಿತ್ತು.

"ನಾ ಒಗೀತೀನಿ ಕೊಡ್ರಿ" ಅಂದೆ.

"ನಿನಗೇನ ಗೊತ್ತಾಗತೈತಿ? ಸರಿ ಆಚಿ" ಅಂದು ಅವರೇ ಬೀಸಿದರು. ಉಂಡೆ ಮಾಳಿಗೆಯ ಅಂಚಿಗೆ ಬಡಿದು ಅಂಗಳಕ್ಕೇ ಮರಳಿ ಬಿದ್ದು ಒಡೆಯಿತು. ಹಲ್ಲು ಎಲ್ಲಿ ಸಿಡಿಯಿತೋ! ಅವರು ಸೆರಗು ಸಿಕ್ಕಿಸಿಕೊಂಡು ಅಂಗಳವನ್ನೆಲ್ಲ ಜಾಲಾಡಿದರು. ಸಿಗಲೇ ಇಲ್ಲ.

ಆ ಹಲ್ಲಿನ ಜಾಗ ಹಾಗೆಯೇ ಖಾಲಿ ಉಳಿಯಿತು. ಪಕ್ಕದ ಹಲ್ಲು ಬಂತು, ಆದರೆ ಅದು ಖಾಲಿ ಜಾಗದ ಕಡೆಗೆ ವಾಲಿಕೊಂಡಿತು. ವರ್ಷ ಕಳೆದರೂ ಮಗಳ ಬಾಯಿಯಲ್ಲಿ ಅದೇ ಕಿಂಡಿ. ಅವಳು ನಗುವುದನ್ನೇ ಕಡಿಮೆ ಮಾಡಿದಳು. ಶಾಲೆಯ ಗ್ಯಾದರಿಂಗ್‌ನಲ್ಲಿ ಎಲ್ಲ ಹುಡುಗಿಯರೂ ಎರಡು ಕೈ ಎತ್ತಿ ಕುಣಿದರೆ, ಇವಳದು ಒಂದೇ ಕೈ ಮೇಲೆ. ಇನ್ನೊಂದು ಬಾಯಿಯ ಮೇಲೆ.

ಅತ್ತೆಯವರನ್ನು ಬೈಯೋಣವೆಂದರೆ ಆ ಕೆಲಸವನ್ನೂ ಅವರೇ ಮಾಡಿಕೊಳ್ಳುತ್ತಿದ್ದರು. ದಿನವೂ ಮೊಮ್ಮಗಳ ಬಾಯಿ ತೆರೆಸಿ ವಸಡಿನ ಮೇಲೆ ಬೆರಳಾಡಿಸುವುದು, "ನನ್ನ ಕೈಯಿಂದ ಕೂಸಿನ ಮಾರಿ ಕೆಟ್ಟಿತು" ಎಂದು ಅಳುವುದು. ಅವರು ಆ ಉಂಡೆಯ ವಿಷಯ ಎತ್ತಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು.

ಕೊನೆಗೆ ಮೂವರೂ ನಮ್ಮೂರು ವಳಸಂಗದಿಂದ ಬಸ್ಸು ಹತ್ತಿ ಜತ್ತದ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಈ ಸೀಮೆಯವರೇ, ಹೆಣ್ಣುಮಗಳು. ಎಕ್ಸ್‌ರೇ ತೆಗೆದು ತೋರಿಸಿದರು. ವಸಡಿನೊಳಗೆ ಹೊಸ ಹಲ್ಲು ಬೆಳೆದು ನಿಂತಿತ್ತು. ಅದರ ದಾರಿಗೆ ಅಡ್ಡವಾಗಿ ಇನ್ನೊಂದು ಸಣ್ಣ, ಚೂಪು ಹಲ್ಲು.

"ಇದು ಜಾಸ್ತಿ ಹಲ್ಲರಿ. ಕೆಲವು ಮಕ್ಕಳಿಗೆ ಹಿಂಗ ಒಂದು ಹೆಚ್ಚಿಗಿ ಹುಟ್ಟತೈತಿ. ಇದು ತಡದು ನಿಂತಿದ್ದಕ್ಕ ಅದು ಬಂದಿಲ್ಲ. ಪಕ್ಕದ್ದೂ ವಾಲೇತಿ" ಅಂದರು.

"ಹಾದ್ಯಾಗ ಎಮ್ಮಿ ಮಲಗಿದಂಗ ಆಗೇತೇನ್ರಿ?" ಅತ್ತೆಯವರು ಕೇಳಿದರು.

"ಹೂಂ, ಹಂಗ ಅನ್ರಿ. ಇದನ್ನ ತಗದ್ರ ಅದು ತಾನ ಇಳೀಬಹುದು. ಇಳೀಲಿಲ್ಲಂದ್ರ ತಂತಿ ಹಾಕಿ ಎಳಿಯೋಣು."

ಅತ್ತೆಯವರು ಕುರ್ಚಿಯ ತುದಿಗೆ ಸರಿದರು. "ಮತ್ತ... ನಾ ಒಗದ ಹಲ್ಲು ಕೆಳಗ ಬಿದ್ದಿತ್ತರಿ. ಅದಕ್ಕಲ್ಲೇನು?"

ಡಾಕ್ಟರು ನಗಲಿಲ್ಲ. ಅದಕ್ಕಾಗಿ ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. "ನಿಮ್ಮ ಕೈದು ಏನೂ ತಪ್ಪಿಲ್ರಿ ಆಯಿ. ಇದು ಒಳಗ ತಾನ ಹುಟ್ಟಿದ್ದು" ಅಂದರು.

ಮುಂದಿನ ವಾರ ವಸಡಿಗೆ ಸೂಜಿ ಚುಚ್ಚಿ, ಚೂರು ಕೊಯ್ದು, ಆ ಹಲ್ಲನ್ನು ತೆಗೆದರು. ಹತ್ತಿಯಲ್ಲಿ ಸುತ್ತಿ ಕೊಟ್ಟ ಅದನ್ನೂ ಮಾಳಿಗೆಗೆ ಎಸೆಯೋಣವೇ ಎಂದು ಮಗಳು ಕೇಳಿದಳು. ಅತ್ತೆಯವರು ಹೌಹಾರಿದರು. "ಒಗದ್ರ ಇಂಥಾದ್ದ ಮತ್ತೊಂದು ಹುಟ್ಟೀತು!" ಎಂದು ಅದನ್ನು ಬಸ್ಸಿಗೆ ಕಾಯುವಾಗ ಜಾಲಿಗಿಡದ ಬುಡದಲ್ಲಿ ಹೂತುಬಿಟ್ಟರು.

ಆದರೂ ಅವರ ಮನಸ್ಸು ಹಗುರಾಗಲಿಲ್ಲ. ಹೆದರಿ ಮೊಮ್ಮಗಳ ಬಾಯಿ ತೆರೆಸಿ ನೋಡುವುದನ್ನೂ ಬಿಟ್ಟರು. ಕೆಲವು ತಿಂಗಳಾದ ಮೇಲೆ ಮಗಳ ಇನ್ನೊಂದು ಹಾಲುಹಲ್ಲು ಬಿತ್ತು. ಅತ್ತೆಯವರು ಉಂಡೆ ಕಟ್ಟಿ ನನ್ನ ಕಡೆ ಚಾಚಿದರು. "ನೀನ ಒಗಿ. ನನ್ನ ಕೈ ಬ್ಯಾಡ."

"ಇಲ್ಲ ಆಯಿ, ನೀನ ಒಗೀಬೇಕು" ಎಂದು ಮಗಳು ಅಜ್ಜಿಯ ಮುಂದೆ ಹಟ ಹಿಡಿದಳು.

ಬೀಸಿದರು. ಉಂಡೆ ಮತ್ತೆ ಅದೇ ಅಂಚಿಗೆ ಬಡಿದು ಅವರ ಕಾಲ ಬುಡಕ್ಕೇ ಬಿತ್ತು. ಅತ್ತೆಯವರ ಮುಖ ಬಿಳಿಚಿಕೊಂಡಿತು.

ಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡೂ ಕೈ ಹೊಟ್ಟೆಯ ಮೇಲೆ, ಬಾಯಿ ಪೂರ್ತಿ ತೆರೆದಿತ್ತು. ವರ್ಷಕ್ಕೂ ಮೇಲೆ ಖಾಲಿಯಿದ್ದ ಜಾಗದಲ್ಲಿ ಹೊಸ ಹಲ್ಲು ಅರ್ಧ ಇಳಿದಿತ್ತು.

ಅತ್ತೆಯವರು ಈ ಸಲ ಅಂಗಳದಲ್ಲಿ ಏನನ್ನೂ ಹುಡುಕಲಿಲ್ಲ. ಸಗಣಿ ಮೆತ್ತಿದ ಕೈಯಲ್ಲೇ ನಿಂತು ಆ ಬಾಯಿಯನ್ನೇ ನೋಡಿದರು.